ಮೂಸೆಯ ಮಣ್ಣು: ದಖ್ಖನಿನ ಉಕ್ಕಿನ ಕುಂಭಗಳಲ್ಲಿ ಕಣರಚನೆ ಮತ್ತು ಉಷ್ಣಸಹಿಷ್ಣುತೆ

ಯಾದಗಿರಿಯ ನೆರೆಯ ಅಬ್ಬೆತುಮಕೂರು ಇಂದು ವಿಶ್ವಾರಾಧ್ಯರ ಮಠದಿಂದ ನಾಡಿಗೆಲ್ಲ ಪರಿಚಿತವಾದ ಗ್ರಾಮ. ಭೀಮಾನದಿಯ ಆಚೆಗೆ ಶಹಾಪುರ, ಅದರ ದಕ್ಷಿಣಕ್ಕೆ ಸುರಪುರ. ಭೀಮಾ ಮತ್ತು ಕೃಷ್ಣೆಯರ ನಡುವಿನ ಈ ದೋಆಬ ಪ್ರದೇಶವು ಪ್ರಾಗಿತಿಹಾಸದ ವಿದ್ಯಾರ್ಥಿಗಳಿಗೆ ಮುಖ್ಯವಾಗಿರುವುದು ಬೇರೆ ಕಾರಣಕ್ಕೆ. ಹಿಂದಿನ ಸುರಪುರ ತಾಲ್ಲೂಕಿನ ಕೊಡೇಕಲ್ಲು, ಬೂದಿಹಾಳಗಳಲ್ಲಿ ನವಶಿಲಾಯುಗದ ಪಶುಪಾಲಕರು ಬಿಟ್ಟುಹೋದ ಬೂದಿದಿಬ್ಬಗಳಿವೆ. ಕೊಡೇಕಲ್ಲಿನ ಉತ್ಖನನವನ್ನು 1965–66ರಲ್ಲಿ ಕೆ. ಪದ್ದಯ್ಯನವರು ನಡೆಸಿದರು, ಅದರ ಫಲಿತಗಳು 1973ರಲ್ಲಿ ಸುರಪುರ ದೋಆಬದ ನವಶಿಲಾಯುಗ ಸಂಸ್ಕೃತಿಯನ್ನು ಕುರಿತ ಅವರ ಗ್ರಂಥದಲ್ಲಿ ಪ್ರಕಟವಾದವು. 1990ರ ದಶಕದಲ್ಲಿ ಬೂದಿಹಾಳದ ವಿಸ್ತಾರವಾದ ಉತ್ಖನನವೂ ಅವರ ನೇತೃತ್ವದಲ್ಲಿಯೇ ನಡೆಯಿತು.

ಈ ದಿಬ್ಬಗಳಲ್ಲಿ ಮೆತ್ತನೆಯ ಬೂದಿಯ ಪದರಗಳ ನಡುನಡುವೆ ಕಲ್ಲಿನಂತೆ ಗಟ್ಟಿಯಾದ, ಗುಳ್ಳೆಗುಳ್ಳೆಯಾದ, ಗಾಜಿನಂತೆ ಹೊಳೆಯುವ ಪದರಗಳು ಕಾಣುತ್ತವೆ. ಒಂದು ಕಾಲದಲ್ಲಿ ಈ ವಸ್ತು ಕರಗಿ, ಮೆತ್ತಗಾಗಿ, ತನ್ನ ತೂಕಕ್ಕೇ ಹರಿದು ಆಮೇಲೆ ಹೆಪ್ಪುಗಟ್ಟಿದೆ ಎಂಬುದು ಬರಿಗಣ್ಣಿಗೂ ತಿಳಿಯುವಂತಿದೆ. ಹತ್ತೊಂಬತ್ತನೆಯ ಶತಮಾನದಿಂದ ಇದರ ಬಗ್ಗೆ ಬಗೆಬಗೆಯ ಊಹೆಗಳು ಹುಟ್ಟಿದವು. ಲೋಹ ಕರಗಿಸಿದ ಕಿಟ್ಟವೆಂದು ಕೆಲವರು ಬಗೆದರು. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿಯೆಂದು ಜನ ಇಂದಿಗೂ ತೋರಿಸುತ್ತಾರೆ. ರಾಬರ್ಟ್ ಬ್ರೂಸ್ ಫೂಟ್ ಇದನ್ನು ಸಗಣಿಯ ಬೂದಿಯೆಂದು ಗುರುತಿಸಿದ್ದ. 1957ರಲ್ಲಿ ಉಟ್ನೂರಿನ ಉತ್ಖನನವನ್ನು ನಡೆಸಿದ ಎಫ್.ಆರ್. ಆಲ್ಚಿನ್ ಅವರ ಅಧ್ಯಯನವೂ 1960ರಲ್ಲಿ ಪ್ರಕಟವಾದ ಝಾಯ್ನರ್ ಅವರ ಪರೀಕ್ಷೆಗಳೂ ಆ ಅಭಿಪ್ರಾಯವನ್ನು ಸ್ಥಿರಪಡಿಸಿದವು. ಹುಲ್ಲು ಮೇಯುವ ದನದ ಸಗಣಿಯಲ್ಲಿ ಹುಲ್ಲಿನ ಸಿಲಿಕಾ ಉಳಿದಿರುತ್ತದೆ. ಜೊತೆಗೆ ಸುಣ್ಣವೂ ಕ್ಷಾರವೂ ಇರುತ್ತವೆ. ತಾನೊಂದೇ ಇದ್ದರೆ 1700 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೂ ಕರಗದ ಸಿಲಿಕಾ, ಕ್ಷಾರ ಮತ್ತು ಸುಣ್ಣದ ಸಂಗದಲ್ಲಿ ಅದಕ್ಕಿಂತ ಬಹಳ ಕಡಿಮೆ ಕಾವಿಗೇ ಗಾಜಾಗಿ ಹರಿಯುತ್ತದೆ.

ಇದೇ ದಖ್ಖನಿನಲ್ಲಿ, ಬಹುಕಾಲದ ನಂತರ, ಇದೇ ಸಸ್ಯಮೂಲದ ಸಿಲಿಕಾ ಇದಕ್ಕೆ ವಿರುದ್ಧವಾದ ಕೆಲಸಕ್ಕೆ ಬಳಕೆಯಾಯಿತು. ಉಕ್ಕು ಕರಗಿಸುವ ಮೂಸೆಯ ಜೇಡಿಗೆ ಬತ್ತದ ಹೊಟ್ಟನ್ನು ಧಾರಾಳವಾಗಿ ಬೆರೆಸಿ, 1300ರಿಂದ 1400 ಡಿಗ್ರಿಯವರೆಗಿನ ಕಾವಿನಲ್ಲಿ ಗಂಟೆಗಟ್ಟಲೆ ನಿಂತರೂ ಬಾಗದ, ಕುಸಿಯದ, ಸೋರದ ಪಾತ್ರೆಯನ್ನು ಮಾಡಲಾಯಿತು. ಒಂದೆಡೆ ಹರಿದುಹೋದ ಸಿಲಿಕಾ ಮತ್ತೊಂದೆಡೆ ಪಾತ್ರೆಯ ಬೆನ್ನೆಲುಬಾಗಿ ನಿಂತದ್ದು ಹೇಗೆ? ಉತ್ತರವು ಮಣ್ಣಿನ ರಾಸಾಯನಿಕ ಘಟಕಗಳಲ್ಲಿ ಅರ್ಧ, ಅದರೊಳಗಿನ ಕಣಗಳ ಜೋಡಣೆಯಲ್ಲಿ ಅರ್ಧ ಅಡಗಿದೆ. ಕರ್ನಾಟಕದ ಉಕ್ಕಿನ ಇತಿಹಾಸವನ್ನು ಬರೆದವರು ಉಕ್ಕಿನ ಗಟ್ಟಿಯನ್ನೂ ಅದರಿಂದಾದ ಖಡ್ಗವನ್ನೂ ಕೊಂಡಾಡಿದಷ್ಟು ಅದನ್ನು ಹೊತ್ತ ಮಣ್ಣಿನ ಮೂಸೆಯನ್ನು ವಿಚಾರಿಸಿಲ್ಲ. ಗಟ್ಟಿ ಮಾರಾಟವಾಗಿ ಹೋಯಿತು. ಮೂಸೆ ಒಡೆದು ತಿಪ್ಪೆಗೆ ಬಿತ್ತು. ಆದರೆ ಪುರಾತತ್ವದ ದೃಷ್ಟಿಯಿಂದ ಉಳಿದ ಸಾಕ್ಷ್ಯ ಆ ತಿಪ್ಪೆಯೇ.

ಯುರೋಪಿನಲ್ಲಿ ‘ವೂಟ್ಸ್’ ಎಂದು ಹೆಸರಾದ ಉಕ್ಕಿನ ಮಾದರಿಗಳನ್ನು 1794ರಲ್ಲಿ ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಓದಿದ. 1819ರ ಹೊತ್ತಿಗೆ ಮೈಕೇಲ್ ಫ್ಯಾರಡೆಯೂ ಅದರ ವಿಶ್ಲೇಷಣೆಗೆ ತೊಡಗಿದ್ದ. ಈ ಪದದ ಮೂಲ ಕನ್ನಡದ ‘ಉಕ್ಕು’ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮತ. ಆ ಎಲ್ಲ ಪರೀಕ್ಷೆಗಳ ವಸ್ತು ಲೋಹವಾಗಿತ್ತು. ಗಟ್ಟಿಯ ಜೊತೆಗೆ ಮೂಸೆಯ ಚೂರೂ ಹಡಗು ಹತ್ತಿದ್ದರೆ ಚರ್ಚೆ ಬೇರೆ ದಾರಿ ಹಿಡಿಯುತ್ತಿತ್ತೇನೋ. ಏಕೆಂದರೆ ಇಂಗ್ಲೆಂಡಿನಲ್ಲಿ 1740ರ ದಶಕದಲ್ಲಿ ಷೆಫೀಲ್ಡಿನ ಬೆಂಜಮಿನ್ ಹಂಟ್ಸ್‌ಮನ್ ಉಕ್ಕನ್ನು ಕರಗಿಸಲು ಹೊರಟಾಗ ಅವನಿಗೆ ಎದುರಾದ ದೊಡ್ಡ ತೊಡಕುಗಳಲ್ಲಿ ಒಂದು, ಆ ಕಾವನ್ನು ತಡೆಯಬಲ್ಲ ಮೂಸೆಯನ್ನು ಮಾಡುವುದೇ ಆಗಿತ್ತು.

ಕಣ್ಣಾರೆ ಕಂಡವರ ಬರವಣಿಗೆಗಳಲ್ಲಿ ಎರಡು ನಮ್ಮ ಪ್ರದೇಶಕ್ಕೆ ಮುಖ್ಯ. ಟಿಪ್ಪುವಿನ ಪತನದ ಬಳಿಕ 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿಯ ಕಡೆಯ ಉಕ್ಕಿನ ಕೆಲಸವನ್ನು ವಿವರಿಸಿದ್ದಾನೆ. ಅವನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ಸುಡದ ಹಸಿಮಣ್ಣಿನ ಶಂಕುವಿನಾಕಾರದ ಮೂಸೆ. ಅದರೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ. ಮೇಲೆ ಮಣ್ಣಿನ ಮುಚ್ಚಳವಿಟ್ಟು ಸಂದುಗಳಿಗೆ ಮೆತ್ತಿ ಭದ್ರಪಡಿಸುವುದು. ಸೊಪ್ಪುಕಡ್ಡಿಗಳ ಬಗ್ಗೆ ತೂಕದ ಲೆಕ್ಕವನ್ನೂ ಕೊಡುವ ಬುಕಾನನ್‌ನ ಬರವಣಿಗೆಯಲ್ಲಿ ಮೂಸೆಯ ಮಣ್ಣಿಗೆ ದೊರೆತ ಸ್ಥಳ ಕಡಿಮೆ.

ಎರಡನೆಯದು ನಿಜಾಮರ ಸೀಮೆಯದು. 1956ರವರೆಗೂ ಯಾದಗಿರಿ, ಶಹಾಪುರ, ಸುರಪುರಗಳನ್ನು ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದ ಉತ್ತರಭಾಗದಲ್ಲಿ, ಇಂದಿನ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯಲ್ಲಿರುವ ಕೋನಸಮುದ್ರಂ ಎಂಬ ಗ್ರಾಮ ಉಕ್ಕಿಗೆ ಹೆಸರಾಗಿತ್ತು. ಭೂವಿಜ್ಞಾನಿ ಹೆನ್ರಿ ವಾಯ್ಸಿ ಅಲ್ಲಿಯ ಕೆಲಸವನ್ನು ಕಂಡು ಬರೆದ ಟಿಪ್ಪಣಿ ಅವನ ಮರಣಾನಂತರ 1832ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಸ್ಫಹಾನಿನಿಂದ ಬಂದ ಪಾರಸಿ ವರ್ತಕರು ಸ್ಥಳದಲ್ಲೇ ನಿಂತು ಗಟ್ಟಿಗಳನ್ನು ಕೊಳ್ಳುತ್ತಿದ್ದುದು, ಎರಡು ಬಗೆಯ ಕಬ್ಬಿಣವನ್ನು ಒಟ್ಟಿಗೆ ಕರಗಿಸುತ್ತಿದ್ದುದು, ಸುಮಾರು 24 ಗಂಟೆಗಳ ಕಾಲ ಬೆಂಕಿಯನ್ನು ಉಳಿಸುತ್ತಿದ್ದುದು ಅಲ್ಲಿ ದಾಖಲಾಗಿವೆ. ಬುಕಾನನ್ ಕಡಿಮೆ ಹೇಳಿದ ವಿಷಯವನ್ನು ವಾಯ್ಸಿ ಬಿಡಲಿಲ್ಲ. ಮೂಸೆಗೆ ಕಣಶಿಲೆಯ ಪುಡಿ, ಹಳೆಯ ಮೂಸೆ ಮತ್ತು ಒಲೆಗಳ ಚೂರು, ಬತ್ತದ ಹೊಟ್ಟು, ಎಣ್ಣೆ ಇವುಗಳನ್ನು ಬೆರೆಸುತ್ತಿದ್ದರೆಂದು ಅವನು ತಿಳಿಸುತ್ತಾನೆ. ಭೂವಿಜ್ಞಾನಿಯ ಕಣ್ಣು ಮಣ್ಣಿನ ಮೇಲೆ ಬಿದ್ದುದು ಸಹಜ.

ಉಕ್ಕಿನ ಚರಿತ್ರೆಯಲ್ಲಿ ಈ ಎರಡನ್ನು ಮೈಸೂರು ವಿಧಾನ, ಹೈದರಾಬಾದ್ ಅಥವಾ ದಖ್ಖನಿ ವಿಧಾನ ಎಂದು ಬೇರ್ಪಡಿಸುವ ವಾಡಿಕೆಯಿದೆ. ಮೊದಲನೆಯದರಲ್ಲಿ ಮೆದುಕಬ್ಬಿಣಕ್ಕೆ ಸಸ್ಯದಿಂದ ಇಂಗಾಲ ಸೇರುತ್ತದೆ. ಎರಡನೆಯದರಲ್ಲಿ ಹೆಚ್ಚು ಇಂಗಾಲದ ಕಬ್ಬಿಣದೊಡನೆ ಕಡಿಮೆ ಇಂಗಾಲದ್ದು ಕೂಡಿ ಕರಗುತ್ತದೆ. ಲೋಹದ ಮಟ್ಟಿಗೆ ಈ ವಿಭಜನೆ ಸರಿ. ಮೂಸೆಯ ಮಟ್ಟಿಗೆ ಅದು ಅಷ್ಟು ಉಪಯುಕ್ತವಲ್ಲ. ಬತ್ತದ ಹೊಟ್ಟು ತುಂಬಿದ ಕಪ್ಪು ಮೈಯ ಮೂಸೆ ಎರಡೂ ಸೀಮೆಗಳಿಗೆ ಸಾಮಾನ್ಯ.

ಮೈಸೂರು ಸೀಮೆಯ ಭೌತಿಕ ಸಾಕ್ಷ್ಯ ಹೆಚ್ಚಾಗಿ ದೊರೆತಿರುವುದು ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ. ಕೆ.ಎನ್.ಪಿ. ರಾವ್ ಮತ್ತು ಸಂಗಡಿಗರು 1970ರಲ್ಲಿ ದಕ್ಷಿಣ ಭಾರತದ ಪ್ರಾಚೀನ ಉಕ್ಕಿನ ರಚನೆಯನ್ನು ಕುರಿತು ಬರೆದ ಮೇಲೆ ಈ ನೆಲೆ ವಿದ್ವಾಂಸರ ಗಮನಕ್ಕೆ ಬಂದಿತು. 1999ರಲ್ಲಿ ಪ್ರಕಟವಾದ ವಿಸ್ತೃತ ಅಧ್ಯಯನದ ಲೇಖಕರಲ್ಲಿ, ಬ್ರಿಟಿಷ್ ಮ್ಯೂಸಿಯಂನ ಪಾಲ್ ಕ್ರ್ಯಾಡಕ್ ಮುಂತಾದವರೊಂದಿಗೆ, ಕನ್ನಡ ಓದುಗರಿಗೆ ವಿಜ್ಞಾನ ಸಾಹಿತಿಯಾಗಿ ಪರಿಚಿತರಾದ ಭೂವಿಜ್ಞಾನಿ ಟಿ.ಆರ್. ಅನಂತರಾಮು ಅವರೂ ಇದ್ದಾರೆ. ಇಲ್ಲಿಯ ಮೂಸೆಗಳ ಹೊರಮೈಗೆ ಇದ್ದಿಲಿನ ಬೂದಿ ತಗುಲಿ ಕರಗಿ ಹೊಳಪಿನ ಲೇಪವಾಗಿದೆ. ಬೂದಿದಿಬ್ಬದಲ್ಲಿ ನಡೆದುದೇ ಇಲ್ಲಿ ಪಾತ್ರೆಯ ಚರ್ಮದ ಮೇಲೆ ಮಾತ್ರ ನಡೆಯಿತು. ಚರ್ಮದ ಕೆಳಗಿನ ಮೈ ಗಟ್ಟಿಯಾಗಿಯೇ ಉಳಿಯಿತು.

ಆ ಮೈಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದವರಲ್ಲಿ ಬ್ರಿಟಿಷ್ ಮ್ಯೂಸಿಯಂನ ಇಯಾನ್ ಫ್ರೀಸ್ಟೋನ್ ಮತ್ತು ಮೈಕೇಲ್ ಟೈಟ್ ಪ್ರಮುಖರು. ಪ್ರಾಚೀನ ಜಗತ್ತಿನ ಉಷ್ಣಸಹ ವಸ್ತುಗಳನ್ನು ಕುರಿತ ಅವರ 1986ರ ಪ್ರಬಂಧದಲ್ಲಿ ಭಾರತದ ಉಕ್ಕಿನ ಮೂಸೆಗಳಿಗೆ ವಿಶೇಷ ಸ್ಥಾನವಿದೆ. ಅವರು ತೋರಿಸಿದ ಸಂಗತಿಯೊಂದು ಅನಿರೀಕ್ಷಿತವಾದುದು. ನಮ್ಮ ಕೆಮ್ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಹೇರಳ. ಅದು ಜೇಡಿಯನ್ನು ಬೇಗ ಕರಗಿಸುವ ಬೆರಕೆ. ಹೆಂಚಿಗೆ ಒಳ್ಳೆಯದಾದ ಮಣ್ಣು ಮೂಸೆಗೆ ಒದಗದಿರುವುದು ಈ ಕಾರಣಕ್ಕೆ. ಆದರೆ ಹೊಟ್ಟು ತುಂಬಿದ ಮೂಸೆಯಲ್ಲಿ, ಮುಚ್ಚಿದ ಮೈಯೊಳಗೆ ಹೊಟ್ಟು ಇದ್ದಿಲಾಗಿ, ಆ ಇಂಗಾಲವು ಕಬ್ಬಿಣದ ಆಕ್ಸೈಡಿನಿಂದ ಆಮ್ಲಜನಕವನ್ನು ಕಸಿಯುತ್ತದೆ. ಕಬ್ಬಿಣವು ಸಣ್ಣ ಸಣ್ಣ ಲೋಹದ ಹನಿಗಳಾಗಿ ಬೇರ್ಪಟ್ಟು, ಗಾಜಿನ ಅಂಶದಿಂದ ಹೊರಬರುತ್ತದೆ. ಕಬ್ಬಿಣ ಕಳೆದುಕೊಂಡ ಗಾಜು ಮೊದಲಿಗಿಂತ ಹೆಚ್ಚು ಅಂಟಾಗಿ, ಹರಿಯಲು ಒಲ್ಲದಂತಾಗುತ್ತದೆ. ಹೀಗೆ ಸಾಧಾರಣ ಮಣ್ಣು ಬೇಯುತ್ತ ಬೇಯುತ್ತ ತನ್ನನ್ನು ತಾನೇ ಶುದ್ಧಿಗೊಳಿಸಿಕೊಂಡಿತು.

ಕೋನಸಮುದ್ರಂ ಪ್ರದೇಶದ ಮೂಸೆಗಳ ಅಧ್ಯಯನ ಥೆಲ್ಮಾ ಲೋ ಅವರದು. 1991ರಲ್ಲಿ ಅವರು ನಿಕೋಲಾಸ್ ಮೆರ್ಕ್ ಮತ್ತು ಗ್ಯಾರೆತ್ ಥಾಮಸ್ ಅವರೊಡನೆ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲಿಯೇ ವೂಟ್ಸ್ ಮೂಸೆಯನ್ನು ಮುಲ್ಲೈಟ್ ಎಳೆಗಳಿಂದ ಬಲಗೊಂಡ ಐತಿಹಾಸಿಕ ಸಂಯುಕ್ತ ಪಿಂಗಾಣಿ ಎಂದು ಕರೆಯಲಾಗಿದೆ. ವಿಮಾನ ಯಂತ್ರಗಳಿಗಾಗಿ ಎಳೆಗಳಿಂದ ಬಲಪಡಿಸಿದ ಪಿಂಗಾಣಿಗಳನ್ನು ಪ್ರಯೋಗಾಲಯಗಳು ಹುಡುಕುತ್ತಿದ್ದ ದಶಕದಲ್ಲಿ ಈ ಶೀರ್ಷಿಕೆ ಬಂದುದು ಆಕಸ್ಮಿಕವಲ್ಲ. ಜೇಡಿಯು 1000 ಡಿಗ್ರಿಯನ್ನು ಮೀರಿ ಕಾದಾಗ ಅದರ ಅಲ್ಯುಮಿನಾ ಮತ್ತು ಸಿಲಿಕಾಗಳು ಕೂಡಿ ಮುಲ್ಲೈಟ್ ಎಂಬ ಖನಿಜದ ಸೂಜಿಯಂಥ ಹರಳುಗಳಾಗಿ ಬೆಳೆಯುತ್ತವೆ. ಅವು ಅಡ್ಡಾದಿಡ್ಡಿಯಾಗಿ ಒಂದರೊಳಗೊಂದು ಹೆಣೆದುಕೊಂಡು, ಗಾಜು ಮೆತ್ತಗಾದರೂ ಕುಸಿಯದ ಚೌಕಟ್ಟನ್ನು ಕಟ್ಟುತ್ತವೆ. ಹೊಟ್ಟಿನ ಸಿಲಿಕಾ ಎಲೆಯಾಕಾರದ ಅಸ್ಥಿಪಂಜರವಾಗಿ ಉಳಿದು ಹೆಚ್ಚಿನ ಕಾವಿನಲ್ಲಿ ಕ್ರಿಸ್ಟೊಬಲೈಟ್ ಹರಳಾಗುತ್ತದೆ. ಅದರೊಡನೆ ಇದ್ದಿಲೂ ಉಳಿಯುತ್ತದೆ. ಹೊಟ್ಟಿನ ಬೂದಿಯಲ್ಲಿ ಸಿಲಿಕಾದ್ದೇ ಬಹುಪಾಲು, ಕ್ಷಾರ ಅಲ್ಪ. ಸಗಣಿಯ ಬೂದಿಯು ಹರಿದುದಕ್ಕೂ ಹೊಟ್ಟಿನ ಬೂದಿಯು ನಿಂತುದಕ್ಕೂ ಇರುವ ಮೊದಲ ವ್ಯತ್ಯಾಸ ಇದೇ.

ಇನ್ನು ಬಾಗುವಿಕೆಯ ಪ್ರಶ್ನೆ. ಮೂಸೆಯ ಮೇಲೆ ಬೀಳುವ ಹೊರೆ ದೊಡ್ಡದಲ್ಲ. ದ್ರವ ಉಕ್ಕು 10 ಸೆಂಟಿಮೀಟರ್ ಎತ್ತರಕ್ಕೆ ನಿಂತರೂ ತಳದ ಮೇಲೆ ಬೀಳುವ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ಹದಿನಾಲ್ಕನೆಯ ಒಂದು ಭಾಗ. ತಣ್ಣನೆಯ ಮಡಕೆಗೆ ಇದು ಲೆಕ್ಕಕ್ಕೇ ಬಾರದು. ಆದರೆ ಹೊಳೆವ ಕಾವಿನಲ್ಲಿ ಹನ್ನೆರಡು, ಇಪ್ಪತ್ತು ಗಂಟೆ ನಿಂತ ಪಾತ್ರೆಗೆ ಇಷ್ಟು ಹೊರೆಯೂ ಸಾಕು. ಘನವಸ್ತುವು ಮುರಿಯದೆ, ಅತಿ ಸಣ್ಣ ಹೊರೆಗೆ, ಕಾಲಕ್ರಮದಲ್ಲಿ ಜೋಲುವ ಈ ಬಗೆಯನ್ನು ವಿಜ್ಞಾನಿಗಳು ಕ್ರೀಪ್ ಎನ್ನುತ್ತಾರೆ.

ಗಾಜಿಲ್ಲದ ಶುದ್ಧ ಹರಳುಗಳ ಪಿಂಗಾಣಿಯಲ್ಲಿ ಕ್ರೀಪ್ ಹೇಗೆ ನಡೆಯುತ್ತದೆ ಎಂಬುದಕ್ಕೆ ಸಿದ್ಧಾಂತ ದೊರೆತುದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ಇಂಥ ವಸ್ತುವು ಅಸಂಖ್ಯ ಸಣ್ಣ ಹರಳುಗಳ, ಅಂದರೆ ಕಣಗಳ, ಸಮೂಹ. ಎರಡು ಕಣಗಳು ಕೂಡುವ ಗೆರೆಯೇ ಕಣಸೀಮೆ. ಕಾದ ವಸ್ತುವಿನಲ್ಲಿ ಪರಮಾಣುಗಳು ಅದುಮಿದ ಮುಖದಿಂದ ಎಳೆದ ಮುಖದ ಕಡೆಗೆ ವಲಸೆ ಹೋಗುತ್ತವೆ, ಕಣವು ಉದ್ದವಾಗುತ್ತದೆ, ಒಟ್ಟು ವಸ್ತುವೂ ಬಾಗುತ್ತದೆ. 1948ರಲ್ಲಿ ನಬಾರೊ, 1950ರಲ್ಲಿ ಹೆರಿಂಗ್ ಈ ವಲಸೆ ಕಣದ ಒಡಲಿನ ಮೂಲಕ ನಡೆಯುವುದೆಂದು ಭಾವಿಸಿ, ಬಾಗುವ ವೇಗವು ಕಣಗಾತ್ರದ ವರ್ಗಕ್ಕೆ ವಿಲೋಮವೆಂದು ತೋರಿಸಿದರು. 1963ರಲ್ಲಿ ರಾಬರ್ಟ್ ಕೋಬಲ್ ವಲಸೆಯು ಕಣಸೀಮೆಯ ದಾರಿಯಲ್ಲಿ ನಡೆದರೆ ವೇಗವು ಕಣಗಾತ್ರದ ಘನಕ್ಕೆ ವಿಲೋಮವಾಗುವುದೆಂದು ಸಾಧಿಸಿದ. ಕೋಬಲ್‌ನ ಲೆಕ್ಕದಂತೆ ಕಣವು ಹತ್ತು ಪಟ್ಟು ಸಣ್ಣದಾದರೆ ವಸ್ತುವು ಸಾವಿರ ಪಟ್ಟು ಬೇಗ ಬಾಗುತ್ತದೆ. ತಣ್ಣಗಿರುವಾಗ ಸಣ್ಣ ಕಣದ ಪಿಂಗಾಣಿ ಬಲಿಷ್ಠ; ಕಾದಾಗ ಅದೇ ದುರ್ಬಲ. ಭಟ್ಟಿ ಕಟ್ಟುವವನಿಗೆ ದಪ್ಪ ಕಣ ಬೇಕು.

ಈ ನಿಯಮವನ್ನು ನೇರವಾಗಿ ಮೂಸೆಗೆ ಅನ್ವಯಿಸುವುದು ಸರಿಯಲ್ಲ. ಮೂಸೆಯ ಮೈಯಲ್ಲಿ ಗಾಜು ಸಾಕಷ್ಟಿದೆ. ಅಲ್ಲಿ ಬಾಗುವಿಕೆಯನ್ನು ನಿರ್ಧರಿಸುವುದು ಗಾಜಿನ ಸ್ನಿಗ್ಧತೆ, ಅದರ ಪ್ರಮಾಣ ಮತ್ತು ಅದರ ಹರಿವಿಗೆ ಅಡ್ಡ ನಿಂತ ಹರಳುಗಳ ಚೌಕಟ್ಟು. ಆದರೂ ದಿಕ್ಕು ಒಂದೇ. ಕಣಗಳು ನುಣುಪಾಗಿ ದುಂಡಗಿದ್ದು ಅವುಗಳ ನಡುವೆ ತೆಳುಗಾಜು ತುಂಬಿದ್ದರೆ ಒಂದರ ಮೇಲೊಂದು ಜಾರುತ್ತವೆ. ದಪ್ಪ ಚೂರು, ಉದ್ದ ಸೂಜಿ, ಅಗಲ ಎಲೆಗಳು ಹೆಣೆದುಕೊಂಡಿದ್ದರೆ ಜಾರಲು ತಾವಿಲ್ಲ. ವಾಯ್ಸಿ ಪಟ್ಟಿಮಾಡಿದ ಬೆರಕೆಗಳನ್ನು ಈ ಬೆಳಕಿನಲ್ಲಿ ಓದಬೇಕು. ಹಳೆಯ ಮೂಸೆಯ ಚೂರು ಆಗಲೇ ಒಮ್ಮೆ ಬೆಂದು, ಕುಗ್ಗಿ, ಮುಲ್ಲೈಟ್ ಬೆಳೆಸಿಕೊಂಡ ದಪ್ಪ ಕಣ. ಎರಡನೆಯ ಬೆಂಕಿಯಲ್ಲಿ ಅದು ಮತ್ತೆ ಕುಗ್ಗುವುದು ಅತ್ಯಲ್ಪ. ಇಂದಿನ ಬೆಂಕಿ ಇಟ್ಟಿಗೆಯ ಕಾರ್ಖಾನೆಗಳೂ ಸುಟ್ಟ ಜೇಡಿಯ ಚೂರನ್ನು ಇದೇ ಉದ್ದೇಶಕ್ಕೆ ಬೆರೆಸುತ್ತವೆ. ಕಣಶಿಲೆಯ ಪುಡಿಯ ವಿಷಯ ತುಸು ಬೇರೆ. ಅದರ ಬೆಣಚು ಉಷ್ಣಸಹ. ಅದರ ಫೆಲ್ಡ್‌ಸ್ಪಾರ್ ಬೇಗ ಕರಗುವಂಥದು. ಮಳೆಗಾಳಿಗೆ ಸಿಕ್ಕು ಶಿಥಿಲವಾದ ಶಿಲೆಯಲ್ಲಿ ಫೆಲ್ಡ್‌ಸ್ಪಾರ್ ತನ್ನ ಕ್ಷಾರವನ್ನು ಕಳೆದುಕೊಂಡು ಜೇಡಿಯಾಗಿ ಮಾರ್ಪಟ್ಟಿರುತ್ತದೆಯಾದ್ದರಿಂದ ಮೂಸೆಗೆ ಒಪ್ಪುವುದು ಅದೇ. ಯಾದಗಿರಿಯ ಕೋಟೆ ನಿಂತ ಗುಡ್ಡವೂ ಕಣಶಿಲೆಯದೇ. ಇಂಥ ಶಿಥಿಲ ಶಿಲೆಯ ಗರಸು ದಖ್ಖನಿನಲ್ಲಿ ಅಪರೂಪದ್ದಲ್ಲ. ಅಪರೂಪದ್ದು ಅದನ್ನು ಬೆರೆಸುವ ಹದ.

ಕಣರಚನೆಯ ಇತಿಹಾಸಕ್ಕೆ ಮತ್ತೊಂದು ಮಗ್ಗುಲಿದೆ. ಬಾಗಬಾರದೆಂಬುದು ಮೂಸೆಗಾರನ ಗುರಿಯಾದರೆ, ಬಾಗಿಸಿಯೇ ಆಕಾರ ಕೊಡಬೇಕೆಂಬುದು ಹೊಸ ಕಾಲದ ಪಿಂಗಾಣಿ ವಿಜ್ಞಾನದ ಒಂದು ಗುರಿಯಾಯಿತು. 1986ರಲ್ಲಿ ಜಪಾನಿನ ನಗೋಯಾದಲ್ಲಿ ಫುಮಿಹಿರೊ ವಾಕಾಯ್ ಮತ್ತು ಸಂಗಡಿಗರು ಯಿಟ್ರಿಯಾ ಬೆರೆತ ಜಿರ್ಕೋನಿಯಾ ಪಿಂಗಾಣಿಯನ್ನು, 1450 ಡಿಗ್ರಿಯ ಆಸುಪಾಸಿನಲ್ಲಿ, ಮೂಲ ಉದ್ದದ ದುಪ್ಪಟ್ಟನ್ನು ಮೀರಿ ಎಳೆದರು. ಅದರ ಕಣಗಳು ಮೈಕ್ರೋಮೀಟರಿನ ಸುಮಾರು ಮೂರನೆಯ ಒಂದು ಭಾಗದಷ್ಟು ಸಣ್ಣವು. ಎಳೆದಾಗ ಕಣಗಳು ತಾವು ಉದ್ದವಾಗದೆ, ಒಂದರ ಪಕ್ಕಕ್ಕೆ ಒಂದು ಜಾರಿ ಸ್ಥಳ ಬದಲಿಸುತ್ತವೆ. ಲೋಹಗಳಲ್ಲಿ ಮೊದಲೇ ತಿಳಿದಿದ್ದ ಈ ಅತಿನಮ್ಯತೆ, ತಟ್ಟಿದರೆ ಒಡೆಯುವ ಪಿಂಗಾಣಿಗೂ ಇದೆ ಎಂಬುದು ಆಗ ಹೊಸ ಮಾತು.

ಈ ವಿಷಯದ ಅಂತರರಾಷ್ಟ್ರೀಯ ಸಮ್ಮೇಳನ 1997ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಅದರ ಪ್ರಬಂಧ ಸಂಪುಟವನ್ನು ಸಂಪಾದಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗದ ಅತುಲ್ ಚೋಕ್ಷಿ. ಜಿರ್ಕೋನಿಯಾದಲ್ಲಿ ಕಣಗಾತ್ರ, ಕಣಸೀಮೆಯ ಜಾರುವಿಕೆ, ಎಳೆಯುವಾಗ ಕಣಗಳ ನಡುವೆ ಹುಟ್ಟಿ ಬೆಳೆಯುವ ಕುಳಿಗಳು ಇವು ಅವರ ಸಂಶೋಧನೆಯ ವಿಷಯಗಳಾಗಿವೆ. ಅದೇ ವಿಭಾಗದ ಎಸ್. ರಂಗನಾಥನ್ ಅವರು ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರೊಡನೆ ಭಾರತದ ವೂಟ್ಸ್ ಉಕ್ಕನ್ನು ಕುರಿತ ಗ್ರಂಥವನ್ನು 2004ರಲ್ಲಿ ಹೊರತಂದರು. ಕಣಗಳನ್ನು ಜಾರಿಸುವ ವಿಜ್ಞಾನವೂ, ಕಣಗಳು ಜಾರದಂತೆ ನೋಡಿಕೊಂಡ ಕುಶಲಕಲೆಯ ಚರಿತ್ರೆಯೂ ಒಂದೇ ಸೂರಿನ ಕೆಳಗೆ ಅಧ್ಯಯನಕ್ಕೆ ಒಳಗಾದವು. ಎರಡಕ್ಕೂ ಸೇತುವೆ ಕಟ್ಟಿದ ಬರವಣಿಗೆ ಮಾತ್ರ ವಿರಳ.

ಅತಿನಮ್ಯ ಪಿಂಗಾಣಿಯ ಶತ್ರು ಕಣದ ಬೆಳವಣಿಗೆ. ಕಾವಿನಲ್ಲಿ ದೊಡ್ಡ ಕಣಗಳು ಸಣ್ಣವನ್ನು ನುಂಗುತ್ತವೆ. ಬಾಗುವ ವೇಗ ಇಳಿಯುತ್ತದೆ. 2001ರಲ್ಲಿ ಜಪಾನಿನ ಕಿಮ್, ಹಿರಾಗಾ ಮುಂತಾದವರು ಜಿರ್ಕೋನಿಯಾ, ಅಲ್ಯುಮಿನಾ, ಸ್ಪಿನೆಲ್ ಮೂರನ್ನೂ ಕೂಡಿಸಿ, ಒಂದು ಬಗೆಯ ಕಣ ಮತ್ತೊಂದರ ಬೆಳವಣಿಗೆಗೆ ಅಡ್ಡವಾಗುವಂತೆ ಮಾಡಿ, 1650 ಡಿಗ್ರಿಯಲ್ಲಿ ಪಿಂಗಾಣಿಯನ್ನು 1050 ಪ್ರತಿಶತದಷ್ಟು ಹಿಗ್ಗಿಸಿದರು. ಮೂಸೆಯಲ್ಲಿ ನಡೆದುದು ಇದರ ತಿರುವು. ಅಲ್ಲಿ ಕಾವು ಏರಿದಂತೆಲ್ಲ, ಸಮಯ ಕಳೆದಂತೆಲ್ಲ ಮುಲ್ಲೈಟ್ ಸೂಜಿಗಳು ಬೆಳೆದು ಹೆಣಿಗೆ ಬಿಗಿಯಾಯಿತು. ಹಸಿಯಾಗಿ ಒಲೆಗಿಟ್ಟ ಮೂಸೆಯು ಉಕ್ಕು ಕರಗುವ ವೇಳೆಗೆ ಗಟ್ಟಿಯಾಗುತ್ತ ಬಂದಿರುತ್ತಿತ್ತು. ಬುಕಾನನ್ ಕಂಡ ಸುಡದ ಮೂಸೆಯು ಅಜ್ಞಾನದ ಕುರುಹಲ್ಲ. ಉಕ್ಕು ಬೇಯುವುದೂ ಪಾತ್ರೆ ಬೇಯುವುದೂ ಒಂದೇ ಬೆಂಕಿಯಲ್ಲಿ ಮುಗಿಯುತ್ತಿತ್ತು. ಗಟ್ಟಿಯನ್ನು ತೆಗೆಯಲು ಮೂಸೆಯನ್ನು ಒಡೆಯಲೇಬೇಕಾದುದರಿಂದ ಅದನ್ನು ಮೊದಲೇ ಸುಟ್ಟು ಸೌದೆ ವ್ಯರ್ಥಮಾಡುವ ಅಗತ್ಯವೂ ಇರಲಿಲ್ಲ.

ಬತ್ತದ ಹೊಟ್ಟಿನ ಆಯ್ಕೆ ಬುದ್ಧಿಪೂರ್ವಕವೇ ಎಂಬ ಪ್ರಶ್ನೆ ಉಳಿಯುತ್ತದೆ. ಕುಂಬಾರರು ಜೇಡಿಗೆ ಹೊಟ್ಟು, ಲದ್ದಿ, ಮರಳು ಬೆರೆಸುವುದು ಎಲ್ಲೆಡೆಯ ರೂಢಿ. ಬಿರುಕು ತಡೆಯಲು, ಹಸಿಮಡಕೆ ಸಮನಾಗಿ ಒಣಗಲು ಅದು ಬೇಕು. ಹಾಗಾಗಿ ಮೂಸೆಗೆ ಹೊಟ್ಟು ಹಾಕಿದುದು ಕೇವಲ ಮಡಕೆಯ ಅಭ್ಯಾಸದ ಮುಂದುವರಿಕೆಯೆಂದು ವಾದಿಸಬಹುದು. ಆದರೆ ಅಡುಗೆಯ ಮಡಕೆಗೆ ಬೇಕಾದುದಕ್ಕಿಂತ ಬಹಳ ಹೆಚ್ಚು ಹೊಟ್ಟು ಮೂಸೆಯಲ್ಲಿದೆ. ಮುರಿದ ಅಂಚಿನಲ್ಲಿ ಅದರ ಗುರುತುಗಳು ಒತ್ತೊತ್ತಾಗಿ ಕಾಣುತ್ತವೆ. ಮೈಸೂರು ಸೀಮೆಯಲ್ಲೂ ನಿಜಾಮಾಬಾದಿನಲ್ಲೂ, ಲೋಹದ ವಿಧಾನ ಬೇರೆಯಾದರೂ, ಹೊಟ್ಟು ಮಾತ್ರ ಬದಲಾಗಿಲ್ಲ. ಜೋಳ, ರಾಗಿ, ನವಣೆಗಳ ಹೊಟ್ಟು ಸುಲಭವಾಗಿ ಸಿಗುವ ಒಣಸೀಮೆಯ ನಡುವೆ ಬತ್ತದ್ದನ್ನೇ ಹಿಡಿದುದಕ್ಕೆ ಅನುಭವದ ಕಾರಣ ಇದ್ದಿರಲೇಬೇಕು. ಮುಲ್ಲೈಟಿನ ಹೆಸರು ಗೊತ್ತಿರಬೇಕಾದುದಿಲ್ಲ. ಯಾವ ಮೂಸೆ ಸೋರಿತು, ಯಾವುದು ನಿಂತಿತು ಎಂಬ ಲೆಕ್ಕ ಸಾಕು. ಒಂದು ಮೂಸೆ ಸೋರಿದರೆ ಕಬ್ಬಿಣವೂ ಇದ್ದಿಲೂ ತಿದಿಯೊತ್ತಿದವರ ದುಡಿಮೆಯೂ ಬೂದಿಯ ಪಾಲು.

ಸುರಪುರ ದೋಆಬದ ಬೃಹತ್ ಶಿಲಾಸಮಾಧಿಗಳನ್ನು ಹತ್ತೊಂಬತ್ತನೆಯ ಶತಮಾನದ ನಡುವೆ ಮೆಡೋಸ್ ಟೇಲರ್ ವರ್ಣಿಸಿದ ದಿನದಿಂದ ಇಲ್ಲಿಯ ಕಬ್ಬಿಣಯುಗದ ಚರ್ಚೆ ನಡೆದುಬಂದಿದೆ. ಆ ಚರ್ಚೆಯಲ್ಲಿ ಮಡಕೆಯ ಬಣ್ಣ, ಆಕಾರ, ಹೊಳಪುಗಳ ವರ್ಗೀಕರಣಕ್ಕೆ ಸಿಕ್ಕಷ್ಟು ಗಮನ ಅದರ ಮುರಿದ ಅಂಚಿಗೆ ಸಿಕ್ಕಿಲ್ಲ. ಭೀಮಾ–ಕೃಷ್ಣೆಯರ ನಡುವಿನ ಹೊಲಗಳಲ್ಲಿ ಕಿಟ್ಟದೊಡನೆ ಬೆರೆತ ಕಪ್ಪು ಮೈಯ, ಹೊರಗೆ ಗಾಜಿನ ಲೇಪವಿರುವ, ಅಂಚಿನಲ್ಲಿ ಹೊಟ್ಟಿನ ಅಚ್ಚುಳ್ಳ ದಪ್ಪ ಚೂರು ದೊರೆತರೆ ಅದನ್ನು ಒಲೆಯ ಮಣ್ಣೆಂದೋ ಬೂದಿದಿಬ್ಬದ ಗಟ್ಟಿಯೆಂದೋ ಬದಿಗಿಡುವ ಮುನ್ನ ಸೀಳಿ ನೋಡಬೇಕು. ಬೂದಿದಿಬ್ಬದ ಚೂರಾದರೆ ಒಳಗೂ ಹೊರಗೂ ಒಂದೇ ಗುಳ್ಳೆಗಾಜು. ಮೂಸೆಯಾದರೆ ಗಾಜು ಹೊರಚರ್ಮದಲ್ಲಿ ಮಾತ್ರ. ಒಳಗೆ ಕಪ್ಪು ಮೈ, ಹೊಟ್ಟಿನ ಎಲೆಗಳು, ಭೂತಗನ್ನಡಿಯಲ್ಲಿ ಮಿನುಗುವ ಕಬ್ಬಿಣದ ಹನಿಗಳು.